ಬೆನ್ನು ನೆಟ್ಟಗೆ, ಕುಂಚ ನೆಟ್ಟಗೆ

ಟಿಕೋಟಾ

ಜಪಾನಿಗೆ ಹೋಗಿ ಬಂದವರು ಅಲ್ಲಿನ ರೈಲು, ರೇಡಿಯೊ, ಕೈಗಡಿಯಾರಗಳ ಮಾತಾಡುತ್ತಾರೆ. ನಾನು ಅಲ್ಲಿ ಕಲಿತದ್ದು ಕೂತುಕೊಳ್ಳುವುದನ್ನು. ಮೂವತ್ತು ದಾಟಿದ ಸಾಲಿ ಮಾಸ್ತರನೊಬ್ಬ ಮುಂಬೈಯಲ್ಲಿ ಹಡಗು ಹತ್ತಿ, ಸಮುದ್ರದುದ್ದಕ್ಕೂ ವಾಂತಿ ಮಾಡಿಕೊಳ್ಳುತ್ತ, ಕೂತುಕೊಳ್ಳುವುದನ್ನು ಕಲಿಯಲು ಅಷ್ಟು ದೂರ ಹೋದ ಎಂದರೆ ನಗುವವರು ನಗಲಿ. ಟಿಕೋಟಾದವರು ಆಗಲೇ ನಕ್ಕು ಮುಗಿಸಿದ್ದಾರೆ.

ಆ ಯೋಗ ಬಂದದ್ದು ನನ್ನ ಅಕ್ಷರದಿಂದ. ನಾವು ಬಬಲೇಶ್ವರದ ಊರಹೊರಗಿನ ಓಣಿಯವರು. ಅಪ್ಪ ಸತ್ತ ದನದ ತೊಗಲು ಸುಲಿದು ಹದ ಮಾಡುತ್ತಿದ್ದ. ಆ ತೊಗಲಿನ ಚಪ್ಪಲಿಯನ್ನು ಊರವರು ಮೆಟ್ಟುತ್ತಿದ್ದರು, ಅಪ್ಪನನ್ನು ಮಾತ್ರ ಮುಟ್ಟುತ್ತಿರಲಿಲ್ಲ. ನಾವೆಲ್ಲ ಬುದ್ಧನ ಕಡೆಗೆ ಬಂದು ಆಗ ಏಳೆಂಟು ವರ್ಷವಾಗಿತ್ತು. ವಿಜಾಪುರದಲ್ಲಿ ನಮ್ಮವರ ಸಭೆ ಇದ್ದಾಗಲೆಲ್ಲ ಗೋಡೆಯ ಮೇಲೆ ಬಣ್ಣದಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಜೋರಾಪುರ ಪೇಟೆಯ ಗೋಡೆಯೊಂದರ ಮೇಲೆ ನಾನು ಬರೆದದ್ದನ್ನು ಮುಂಬೈಯಿಂದ ಬಂದ ನಮ್ಮ ಮುಖಂಡರೊಬ್ಬರು ನೋಡಿ ಮೆಚ್ಚಿದರು. ಜಪಾನಿನ ಒಂದು ಬೌದ್ಧ ಸಂಘ ನಮ್ಮ ದೇಶದ ಹೊಸ ಬೌದ್ಧ ಮಾಸ್ತರರಲ್ಲಿ ಕೆಲವರನ್ನು ಕರೆಸಿಕೊಂಡು, ಅಲ್ಲಿ ಮಕ್ಕಳಿಗೆ ಕುಂಚದಿಂದ ಬರೆಯುವುದನ್ನು ಹೇಗೆ ಕಲಿಸುತ್ತಾರೆಂದು ತೋರಿಸುತ್ತದಂತೆ. ನನ್ನ ಹೆಸರು ಅಲ್ಲಿಗೆ ಹೋಯಿತು.

ಅವ್ವನಿಗೆ ಇದು ಅರ್ಥವಾಗಲೇ ಇಲ್ಲ.

"ಬರಿಯೂದು ನಿನಗ ಬರತೈತಲ್ಲೋ ಯಪ್ಪಾ. ಮತ್ತ ಅಷ್ಟು ದೂರ ಯಾಕ?"

"ಅಲ್ಲಿ ಬ್ಯಾರೆ ನಮೂನಿ ಕಲಸ್ತಾರಂತ ಬೇ."

"ಬ್ಯಾರೆ ನಮೂನಿ ಅಂದ್ರ? ಹೊಡೀದ ಕಲಸ್ತಾರೇನು?"

ಟಿಕೋಟಾದ ಸಾಲಿಯಲ್ಲಿ ನಾನು ಎರಡನೆಯ ಇಯತ್ತೆಯ ಮಾಸ್ತರ. ಮಕ್ಕಳನ್ನು ಮುಟ್ಟದ ಮಾಸ್ತರ. ನೌಕರಿಗೆ ಸೇರಿದ ದಿನವೇ ಹೆಡ್‌ಮಾಸ್ತರರು ನನ್ನನ್ನು ಬೇವಿನ ಗಿಡದ ಕೆಳಗೆ ಕರೆದು, "ನೀವು ದೂರ ನಿಂತ ಕಲಸ್ರಿ. ಯಾರರೆ ಏನರೆ ಅಂದಾರು" ಎಂದಿದ್ದರು. ಅವರು ಕೆಟ್ಟವರಲ್ಲ, ಅಂಜುಬುರುಕರು. ನಾನೂ ಅದೇ ಜಾತಿಯವನು. ಆ ವಿಷಯದಲ್ಲಿ ನಮ್ಮಿಬ್ಬರಿಗೂ ಭೇದವಿರಲಿಲ್ಲ. ಉದ್ದನೆಯ ಛಡಿಯೊಂದನ್ನು ಇಟ್ಟುಕೊಂಡು, ಅದರ ತುದಿಯಿಂದಲೇ ಮಕ್ಕಳ ಪಾಟಿಯ ಮೇಲಿನ ತಪ್ಪು ತೋರಿಸುತ್ತಿದ್ದೆ. ಸರ್ಕಾರ ನನಗೆ ಪಗಾರ ಕೊಡುತ್ತಿತ್ತು, ಊರು ಛಡಿಯಷ್ಟು ಅಂತರ ಕೊಟ್ಟಿತ್ತು.

ಕೋಬೆ ಬಂದರು

ಹಡಗು ಇಳಿದಾಗ ನನ್ನ ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ, ಕಾಲಡಿಯ ನೆಲ ಇನ್ನೂ ತೂಗುತ್ತಿತ್ತು. ಜೊತೆಗೆ ಬಂದ ನಾಗಪುರದ, ಪುಣೆಯ ಮಾಸ್ತರರನ್ನು ಬೇರೆ ಬೇರೆ ಊರಿನವರು ಕರೆದುಕೊಂಡು ಹೋದರು. ನನ್ನ ಹೆಸರು ಬರೆದ ಹಲಗೆ ಹಿಡಿದು ನಿಂತಿದ್ದವನು ಕುಳ್ಳನೆಯ, ಐವತ್ತು ದಾಟಿದ ನಾಕಾನೊ ಎಂಬಾತ. ಹತ್ತಿರ ಬಂದು, ಸೊಂಟದಿಂದ ಬಾಗಿ, ತಲೆಯೆತ್ತಿ, ಅಪ್ಪಟ ಮುಂಬೈ ಬಜಾರದ ಹಿಂದಿಯಲ್ಲಿ ಹಡಗಿನ ಕಂಪನಿಯವರ ತಾಯಿ ತಂಗಿಯರನ್ನು ಬೈದ. ಹಡಗು ತಡವಾಗಿ ಬಂದಿತ್ತು.

ನಾಕಾನೊ ಯುದ್ಧಕ್ಕೆ ಮೊದಲು ಹತ್ತಿ ಖರೀದಿಗೆಂದು ಮುಂಬೈಯಲ್ಲಿದ್ದವನು. ಅವನಿಗೆ ಹಿಂದಿ ಕಲಿಸಿದವರು ಹಮಾಲರು. ಹೀಗಾಗಿ ಬುದ್ಧನ ಕರುಣೆಯ ವಿಷಯವನ್ನೂ ಅವನು ಗಾಡಿಯ ಮೇಲೆ ಹತ್ತಿಯ ಅಂಡಿಗೆ ಹೇರುವವರ ಮಾತಿನಲ್ಲಿ ವಿವರಿಸುತ್ತಿದ್ದ. ನನ್ನ ಕಿವಿಗೆ ಅದು ನಮ್ಮ ಮಾತಿನಷ್ಟೇ ಹತ್ತಿರವಾಗಿ ಕೇಳುತ್ತಿದ್ದುದರಿಂದ ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಮಲ್ಲಪ್ಪ ಎಂಬ ನನ್ನ ಹೆಸರು ಅವರ ನಾಲಿಗೆಗೆ ಹೊರಳದೆ ಮಾರಪ್ಪ ಆಯಿತು. ಜಪಾನಿನಲ್ಲಿ ಇದ್ದಷ್ಟು ದಿನ ನಾನು ಮಾರಪ್ಪನೇ.

ನಾವು ಹೋಗಬೇಕಾದ ಊರು ರೈಲಿನಲ್ಲಿ ಅರ್ಧ ದಿನದ ದಾರಿ. ಅಲ್ಲಿ ಎಲ್ಲರೂ ಎಲ್ಲರಿಗೂ ಬಾಗುವುದನ್ನು ನೋಡುತ್ತ ಕೂತೆ. ಟಿಕೀಟು ನೋಡುವವನು ಡಬ್ಬಿಗೆ ಬಂದೊಡನೆ ಬಾಗಿದ. ಪ್ರಯಾಣಿಕರೂ ಬಾಗಿದರು. ಸ್ಟೇಶನ್ ಮಾಸ್ತರ ಹೊರಟುಹೋಗುತ್ತಿದ್ದ ರೈಲಿಗೇ ಬಾಗಿದ. ನಮ್ಮಲ್ಲಿ ಬಾಗುವವರು ಬೇರೆ, ಬಾಗಿಸಿಕೊಳ್ಳುವವರು ಬೇರೆ. ಇಲ್ಲಿ ಸರದಿಯ ಮೇಲೆ ನಡೆಯುತ್ತದೆ, ಪರವಾಗಿಲ್ಲ ದೇಶ ಎಂದುಕೊಂಡೆ. ಹಾಗೆಂದುಕೊಳ್ಳಲು ಸ್ವಲ್ಪ ಅವಸರ ಮಾಡಿದೆ.

ಗುಡಿ

ನನ್ನನ್ನು ಇಳಿಸಿದ್ದು ಒಂದು ಬೌದ್ಧ ಗುಡಿಯಲ್ಲಿ. ಅಲ್ಲಿನ ಗುರುಗಳು ನನ್ನನ್ನು ಕಂಡು ಹೆಚ್ಚುಕಡಿಮೆ ನೆಲಕ್ಕೆ ಹಣೆ ಹಚ್ಚಿದರು. ನಾನು ಬುದ್ಧ ಹುಟ್ಟಿದ ನಾಡಿನಿಂದ ಬಂದವನಲ್ಲವೇ! ನಿಮ್ಮ ಊರಿಗೆ ಬುದ್ಧ ಬಂದಿದ್ದನೇ ಎಂದು ಕೇಳಿದರು. ವಿಜಾಪುರ ಸ್ಟೇಶನ್ನಿನಲ್ಲಿ ಅವನು ಇಳಿದ ಸುದ್ದಿ ನನಗಿಲ್ಲ ಎಂದೆ. ಮತ್ತೇನಿದೆ ಊರಿನಲ್ಲಿ ಎಂದರು. ದೊಡ್ಡ ಗುಮ್ಮಟವೊಂದಿದೆ, ಒಳಗೆ ನಿಂತು ಒಮ್ಮೆ ಕೆಮ್ಮಿದರೆ ಮತ್ತೆ ಮತ್ತೆ ಕೆಮ್ಮುತ್ತದೆ ಎಂದೆ. ಅವರು ಕಣ್ಣು ಮುಚ್ಚಿ, "ಎಂಥಾ ಉಪದೇಶ!" ಎಂದರು. ಅದು ಸುಲ್ತಾನನ ಗೋರಿ ಎಂದು ಹೇಳಲು ನಾಕಾನೊ ಬಿಡಲಿಲ್ಲ.

"ಇರಲಿ ಬಿಡ್ರಿ ಮಾರಪ್ಪ. ಸಂತೋಷದಾಗ ಅದಾರ."

ಪಠಣ ಮಾಡಿರೆಂದರು. ನನಗೆ ಬರುತ್ತಿದ್ದುದು ತ್ರಿಶರಣ, ಪಂಚಶೀಲ ಅಷ್ಟೇ. ತ್ರಿಶರಣವನ್ನು ಮೂರು ಸಲ ಹೇಳುವುದು ಪದ್ಧತಿಯಾದ್ದರಿಂದ ಸ್ವಲ್ಪ ಹೊತ್ತು ಸಾಗಿತು. ಆ ಸಂಜೆ ಗುರುಗಳು ಮೀನು ತಿಂದರು, ಅಕ್ಕಿಯ ಸೆರೆ ಕುಡಿದರು, ಕುಡಿದ ಮೇಲೆ ಹಾಡಿದರು. ಸೆರೆ ಮುಟ್ಟಬಾರದೆಂಬ ಐದನೆಯ ಶೀಲವನ್ನು ಪಾಲಿಸಲೆಂದು ನಮ್ಮ ಓಣಿಯ ಎಷ್ಟು ಜನ ಎಷ್ಟು ಒದ್ದಾಡಿದ್ದಾರೆಂಬುದನ್ನು ನೆನೆದು ನನಗೆ ಸಂಕಟವಾಯಿತು.

ಗುಡಿಯಲ್ಲಿ ಪಾಯಖಾನೆಗೆಂದೇ ಬೇರೆ ಚಪ್ಪಲಿ ಇಟ್ಟಿರುತ್ತಾರೆ. ಮಾರನೆಯ ಬೆಳಿಗ್ಗೆ ನಾನು ಅದನ್ನೇ ಮೆಟ್ಟಿಕೊಂಡು ಬುದ್ಧನ ಮುಂದೆ ಬಂದು ನಿಂತಿದ್ದೆ. ಯಾರೂ ಬೈಯಲಿಲ್ಲ. ಗುರುಗಳ ತಾಯಿ ಫುಮಿ ಅಜ್ಜಿ ನಕ್ಕು ನಕ್ಕು ಗೋಡೆ ಹಿಡಿದು ಕೂತಳು. ಮಧ್ಯಾಹ್ನ ಅವ್ವ ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿಯನ್ನು ಅದೇ ಅಜ್ಜಿ ಅನ್ನದ ಮೇಲೆ ಧಾರಾಳವಾಗಿ ಸುರಿದುಕೊಂಡಳು. ಆಗ ನಗುವ ಸರದಿ ನನ್ನದಾಯಿತು. ಕಣ್ಣೀರು ಸುರಿಸುತ್ತ ಎರಡನೆಯ ಸಲವೂ ಹಾಕಿಸಿಕೊಂಡಳು. ಮುಂದೆ ನನಗೆ ಗುರುವಾಗಲಿದ್ದವಳು ಈಕೆಯೇ.

ಶನಿವಾರದ ಸಾಲಿ

ಪ್ರತಿ ಶನಿವಾರ ಗುಡಿಯ ದೊಡ್ಡ ಕೋಣೆಯಲ್ಲಿ ಊರ ಮಕ್ಕಳಿಗೆ ಫುಮಿ ಅಜ್ಜಿ ಕುಂಚದ ಬರಹ ಕಲಿಸುತ್ತಿದ್ದಳು. ಚಾಪೆ ಹಾಸಿದ ನೆಲ, ಗಿಡ್ಡ ಮೇಜುಗಳ ಸಾಲು. ಮೇಜಿನ ಮೇಲೆ ಮಸಿ ತೇಯುವ ಕಲ್ಲು, ಹಳೆಯ ಪೇಪರು, ಒಂದು ಕುಂಚ. ನಾನು ನೋಟ್‌ಬುಕ್ಕು ತೆರೆದು ಮೂಲೆಯಲ್ಲಿ ಕೂತೆ. ಅಜ್ಜಿ ಬಂದು ನೋಟ್‌ಬುಕ್ಕು ಕಿತ್ತುಕೊಂಡು, ಎಂಟು ವರ್ಷದ ಮಕ್ಕಳ ಸಾಲಿನಲ್ಲಿ ನನ್ನನ್ನು ಕೂರಿಸಿದಳು.

"ಏನಂತಾಳ?" ಎಂದು ನಾಕಾನೊನನ್ನು ಕೇಳಿದೆ.

"ಈಜೂದು ಬರಕೊಂಡು ಕಲ್ಯಾಕ ಆಗತೈತೇನು ಅಂತಾಳ. ನೀರಿಗಿ ಬೀಳು ಅಂತಾಳ."

ಮೊದಲ ಎರಡು ಶನಿವಾರ ಮಸಿಯೇ ಇಲ್ಲ. ಬರೀ ಕೂರುವುದು. ಮಂಡಿ ಮಡಿಸಿ ಹಿಮ್ಮಡಿಯ ಮೇಲೆ ಕೂರಬೇಕು. ಹೊಟ್ಟೆಗೂ ಮೇಜಿಗೂ ನಡುವೆ ಒಂದು ಮುಷ್ಟಿ ಹಿಡಿಯುವಷ್ಟು ಜಾಗ. ತಲೆಯನ್ನು ಯಾರೋ ಜುಟ್ಟು ಹಿಡಿದು ಮೇಲಕ್ಕೆ ಎಳೆದಂತೆ ಬೆನ್ನು. ಎಡಗೈ ಕಾಗದ ಒತ್ತಿ ಹಿಡಿದಿರಬೇಕು. ಬಲ ಮೊಳಕೈ ಮೇಜಿಗೆ ತಾಗಬಾರದು, ಗಾಳಿಯಲ್ಲಿರಬೇಕು. ಅಂಗೈಯೊಳಗೆ ಕೋಳಿಮೊಟ್ಟೆ ಇದೆಯೆಂದು ತಿಳಿದು ಕುಂಚವನ್ನು ನೆಟ್ಟಗೆ ಹಿಡಿಯಬೇಕು. ಬರೆಯುವುದು ಬೆರಳಲ್ಲ, ಬೆನ್ನು ಎಂದು ಅಜ್ಜಿ ಹೇಳುತ್ತಿದ್ದಳು. ನಮ್ಮ ಕಡೆ ಅಕ್ಷರ ಕೆಟ್ಟರೆ ಬೆರಳಿಗೆ ಪೆಟ್ಟು. ಇಲ್ಲಿ ಅಕ್ಷರದ ಕಡೆ ನೋಡುವವರೇ ಇಲ್ಲ. ಅಜ್ಜಿ ಮಕ್ಕಳ ಹಿಂದೆ ಸದ್ದಿಲ್ಲದೆ ಸುಳಿಯುತ್ತಿದ್ದಳು. ಯಾರ ಬೆನ್ನು ಬಾಗಿತೋ ಅವರ ಸೊಂಟಕ್ಕೆ ಒಂದು ಅಂಗೈ, ಹಣೆಗೆ ಇನ್ನೊಂದು ಅಂಗೈ. ಬಾಗಿದ ತಂತಿಯನ್ನು ನೇರ ಮಾಡುವಂತೆ ಒತ್ತಿ, "ಹೊಯ್!" ಎಂದು ಕೋಳಿಯ ಹಾಗೆ ಕೂಗುತ್ತಿದ್ದಳು.

ಅತಿ ಹೆಚ್ಚು "ಹೊಯ್" ಬಿದ್ದದ್ದು ನನಗೆ. ನನ್ನ ಬೆನ್ನು ಎಷ್ಟು ಒತ್ತಿದರೂ ಮರುಕ್ಷಣ ಕುಡುಗೋಲಾಗುತ್ತಿತ್ತು. ಕಾಲಂತೂ ಸತ್ತುಹೋಗುತ್ತಿದ್ದವು. ಒಂದು ಶನಿವಾರ ಗುರುಗಳು ಒಳಗೆ ಬಂದಾಗ ಮರ್ಯಾದೆಗೆಂದು ಎದ್ದು ನಿಂತೆ. ಎದ್ದದ್ದು ಸೊಂಟದವರೆಗಿನ ನಾನು ಮಾತ್ರ, ಕಾಲು ಏಳಲಿಲ್ಲ. ಮುಂದಿನ ಸಾಲಿನ ಮಕ್ಕಳ ಮೇಲೆ ಬಿದ್ದೆ. ಮಸಿಕಲ್ಲು ಹಾರಿ ಗುರುಗಳ ಬಿಳಿ ನಿಲುವಂಗಿಗೆ ಬಡಿಯಿತು. ಬುದ್ಧನ ನಾಡಿನವನು ಚೆಲ್ಲಿದ ಮಸಿ ಎಂದು ಅವರು ಅದಕ್ಕೂ ಕೈಮುಗಿದರು. ಮಕ್ಕಳು ಮಾತ್ರ ಆ ದಿನದಿಂದ ನನ್ನನ್ನು ತಮ್ಮ ಓರಗೆಯವನೆಂದು ಒಪ್ಪಿಕೊಂಡರು.

ಬಾಗಿಲ ಹತ್ತಿರ

ಬಿದ್ದಲ್ಲಿಂದ ಏಳುವಾಗ ಕೋಣೆಯನ್ನು ತಲೆಕೆಳಗಾಗಿ ನೋಡಿದ್ದರಿಂದಲೋ ಏನೋ, ಅವತ್ತೇ ಆ ಹುಡುಗಿ ಕಣ್ಣಿಗೆ ಬಿದ್ದಳು. ಹೊರಬಾಗಿಲ ಹತ್ತಿರ, ಚಪ್ಪಲಿ ಬಿಡುವ ಜಾಗಕ್ಕೆ ಅಂಟಿ, ಚಾಪೆ ಮುಗಿದು ಬರೀ ಹಲಗೆ ಇರುವಲ್ಲಿ ಒಬ್ಬಳೇ ಕೂತಿದ್ದಳು. ಅವಳ ಮಸಿಕಲ್ಲು ಮನೆಯಿಂದ ತಂದದ್ದು. ಹೆಸರು ತೋಮೊ ಎಂದು ನಾಕಾನೊ ಹೇಳಿದ.

"ಅಲ್ಲ್ಯಾಕ ಕುಂತಾಳ?"

"ತಡಾ ಮಾಡಿ ಬರ್ತಾಳ್ರಿ. ಜಾಗಾ ಇರೂದಿಲ್ಲ."

ಮುಂದಿನ ಶನಿವಾರ ಎಲ್ಲರಿಗಿಂತ ಮೊದಲು ಬಂದವಳು ಅವಳೇ. ಬಂದು ಅಲ್ಲಿಯೇ ಕೂತಳು. ಹಾದುಹೋಗುವಾಗ ಅವಳ ಅಂಗಿಯಿಂದ ಒಂದು ವಾಸನೆ ಬಂತು. ಹದ ಮಾಡಿದ ತೊಗಲಿನ ವಾಸನೆ. ಅದನ್ನು ಗುರುತಿಸಲು ನನಗೆ ದುಭಾಷಿ ಬೇಕಿರಲಿಲ್ಲ. ನಮ್ಮಪ್ಪ ಮನೆಗೆ ಬರುವ ಮೊದಲೇ ಅದು ಬರುತ್ತಿತ್ತು.

ಮತ್ತೆ ಕೇಳಿದಾಗ ನಾಕಾನೊ ಮೊದಲು ಕೆಮ್ಮಿದ, ಆಮೇಲೆ ಬಾಯಿ ಬಿಟ್ಟ. ಹೊಳೆಯ ಆಚೆ ಚರ್ಮದ ಕೆಲಸದವರ ಓಣಿಯಿದೆ. ಗುಡಿಯ ದೊಡ್ಡ ನಗಾರಿಗೆ ಚರ್ಮ ಕಟ್ಟುವವನು ತೋಮೊಳ ಅಪ್ಪ. ಅವನು ಕೇಳಿದ್ದಕ್ಕೆ ಗುರುಗಳು ಇಲ್ಲವೆನ್ನಲಾಗದೆ ಸೇರಿಸಿಕೊಂಡಿದ್ದಾರೆ. ಉಳಿದ ಮಕ್ಕಳ ತಾಯಂದಿರಿಗೆ ಇದು ಮನಸ್ಸಿಲ್ಲ.

"ಹಂಗಂತ ಈಗ ಕಾನೂನಿನಾಗ ಏನೂ ಭೇದ ಇಲ್ಲ್ರಿ" ಎಂದ.

"ನಮ್ಮ ಕಾನೂನಿನಾಗೂ ಏನೂ ಇಲ್ಲ" ಎಂದೆ.

ನಾನು ಮೇಜನ್ನು ಎತ್ತಿಕೊಂಡು ಹೋಗಿ ತೋಮೊಳ ಪಕ್ಕದಲ್ಲಿ ಕೂತೆ. ಗೌರವದ ಅತಿಥಿ ಚಪ್ಪಲಿಗಳ ಹತ್ತಿರ ಕೂತರೆ ಉಳಿದವರು ಬೆನ್ನು ತೋರಿಸಿ ಕೂರುವುದು ಹೇಗೆ? ಇಡೀ ತರಗತಿ ಗೊಂದಲಕ್ಕೆ ಬಿತ್ತು. ತೋಮೊ ನನ್ನನ್ನು ನೋಡಿ ಇನ್ನಷ್ಟು ಮುದುಡಿದಳು. ಅಜ್ಜಿ ಬಂದಳು. ಎಂದಿನಂತೆ ನನ್ನ ಸೊಂಟಕ್ಕೊಂದು, ಹಣೆಗೊಂದು ಅಂಗೈ, "ಹೊಯ್!" ಆಮೇಲೆ ತೋಮೊಳ ಕಡೆ ತಿರುಗಿ, ನಡುಪಟ್ಟಿಯಲ್ಲಿ ಸಿಕ್ಕಿಸಿದ್ದ ಬಿದಿರಿನ ಅಳತೆಕಡ್ಡಿ ತೆಗೆದು, ಅದರ ತುದಿಯಿಂದ ಅವಳ ಬೆನ್ನನ್ನು ಮೆಲ್ಲಗೆ ತಟ್ಟಿ ಮುಂದೆ ಹೋದಳು.

ಸಮುದ್ರ ದಾಟಿ ಬಂದು ನನ್ನದೇ ಛಡಿಯನ್ನು ಇನ್ನೊಬ್ಬರ ಕೈಯಲ್ಲಿ ನೋಡಿದಂತಾಯಿತು. ಕುಂಚ ಹಿಡಿದ ನನ್ನ ಕೈ ಅಂದು ಒಂದು ಗೆರೆಯನ್ನೂ ಎಳೆಯಲಿಲ್ಲ.

ಸಂಜೆ ಅಡುಗೆಮನೆಯಲ್ಲಿ ಕೆಂಡದ ಸುತ್ತ ಚಹಾ ಕುಡಿಯುತ್ತ ಕೂತಿದ್ದಾಗ ಅಜ್ಜಿಯೇ ಮಾತು ತೆಗೆದಳು. ನಾಕಾನೊ ಹೇಳಿದ:

"ಅಜ್ಜಿ ಕೇಳಾಕತ್ತಾಳ, ನಿನ್ನ ಬೆನ್ನು ತಾನ ಬಗ್ಗಿದ್ದಲ್ಲ, ಯಾರೋ ಬಗ್ಗಿಸ್ಯಾರ. ಯಾರವರು ಅಂತ."

ನಾನು ಹೇಳಿದೆ. ಬಬಲೇಶ್ವರದ ಸಾಲಿಯಲ್ಲಿ ನಮ್ಮನ್ನು ಒಳಗೆ ಬಿಡುತ್ತಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತು, ಬಾಗಿಲ ಸಂದಿಯಿಂದ ಒಳಗಿನ ಕರಿಹಲಗೆ ನೋಡಬೇಕೆಂದರೆ ಬೆನ್ನು ಬಾಗಿಸಿ ಕತ್ತು ಚಾಚಲೇಬೇಕು. ನಾಲ್ಕು ಇಯತ್ತೆ ಹಾಗೆಯೇ ಓದಿದೆ. ಬೆನ್ನು ಅದೇ ಪಾಠವನ್ನು ಬಾಯಿಪಾಠ ಮಾಡಿಕೊಂಡಿತು.

"ಯಾಕ ಬಿಡ್ತಿರಲಿಲ್ಲ ಅಂತಾಳ."

"ನಮ್ಮಪ್ಪ ತೊಗಲಿನ ಕೆಲಸದಾಂವ ಅಂತ ಹೇಳ್ರಿ. ನಾನು ತೋಮೊಳ ಓಣಿಯಾಂವ ಅಂತ ಹೇಳ್ರಿ."

ಹಮಾಲರ ಬೈಗುಳವನ್ನೆಲ್ಲ ನಿರಾಯಾಸವಾಗಿ ಉದುರಿಸುತ್ತಿದ್ದ ನಾಕಾನೊ ಇದಕ್ಕೆ ಮೊದಲು ಬಟ್ಟಲಿನ ಚಹಾ ಕುಡಿದು ಮುಗಿಸಿದ. ಕಡೆಗೆ ಹೇಳಿದ. ಗುರುಗಳು ಚಹಾದ ಬಟ್ಟಲನ್ನು ಕೆಳಗಿಟ್ಟರು. ಬುದ್ಧನ ನಾಡಿನವನನ್ನು ಈಗ ಹೇಗೆ ನೋಡಬೇಕೆಂದು ಅವರಿಗೆ ಹೊಳೆಯಲಿಲ್ಲ. ಅಜ್ಜಿ ತನ್ನ ಎರಡೂ ಅಂಗೈಗಳನ್ನು ಕೆಂಡದ ಬೆಳಕಿಗೆ ಚಾಚಿ ನೋಡಿಕೊಂಡಳು.

"ಇಷ್ಟು ದಿನ ಆಕಿ ಒತ್ತಿದ್ದು ಅದ ಓಣಿ ಬೆನ್ನು" ಎಂದೆ. "ಕೈಗೆ ಏನರೆ ಆಗೈತೇನು ಕೇಳ್ರಿ."

ನಾಕಾನೊ ಅದನ್ನು ಹೇಳಿದನೋ ಇಲ್ಲವೋ ತಿಳಿಯದು. ಅಜ್ಜಿ ಎದ್ದು ಮಲಗಲು ಹೋದಳು. ಮರುದಿನ ಊಟಕ್ಕೆ ನನ್ನೆದುರು ಕೂತು ತಲೆಯೆತ್ತದೆ ತಿಂದಳು. ಅದರ ಮುಂದಿನ ಶನಿವಾರ ಮೈ ಸರಿಯಿಲ್ಲವೆಂದು ಪಾಠಕ್ಕೇ ಬರಲಿಲ್ಲ. ನಾನು ಊರಿಗೆ ಹೊರಡುವ ಹಡಗಿನ ಲೆಕ್ಕ ಹಾಕತೊಡಗಿದೆ.

ಹೊಸ ವರ್ಷದ ಬರಹ

ಅಲ್ಲಿ ಹೊಸ ವರ್ಷದ ಎರಡನೆಯ ದಿನ ಮಕ್ಕಳೆಲ್ಲ ವರ್ಷದ ಮೊದಲ ಬರಹ ಬರೆಯುತ್ತಾರೆ. ಉದ್ದನೆಯ ಕಾಗದವನ್ನು ನೆಲಕ್ಕೆ ಹಾಸಿ, ಮಂಡಿಯೂರಿ, ದೊಡ್ಡ ಕುಂಚದಿಂದ. ನೋಡಲು ತಂದೆ ತಾಯಿ ಬಂದು ಗೋಡೆಗುಂಟ ಕೂರುತ್ತಾರೆ. ನನ್ನಿಂದಲೂ ನಮ್ಮ ಲಿಪಿಯಲ್ಲಿ 'ಬುದ್ಧ' ಎಂದು ಬರೆಸುವುದಾಗಿ ಮೊದಲೇ ಗೊತ್ತಾಗಿತ್ತು. ಈಗ ಬೇಡವೆನ್ನುತ್ತಾರೆಂದುಕೊಂಡೆ. ಯಾರೂ ಹಾಗೆನ್ನಲಿಲ್ಲ. ನನ್ನ ವಿಷಯ ಅಡುಗೆಮನೆ ದಾಟಿರಲಿಲ್ಲ.

ನಾನು ತೋಮೊಳ ಪಕ್ಕದಲ್ಲೇ ಕಾಗದ ಹಾಸಿದೆ. ಬೆನ್ನನ್ನು ಬಲವಂತವಾಗಿ ಸೆಟೆಸಿ, ಉಸಿರು ಹಿಡಿದು, 'ಬು' ಚೆನ್ನಾಗಿಯೇ ಇಳಿಸಿದೆ. 'ದ' ಸುತ್ತುವಷ್ಟರಲ್ಲಿ ಕಾಗದ ಮುಗಿಯಿತು. ಒತ್ತಕ್ಷರ ಹಲಗೆಯ ಮೇಲೆ ಬಿತ್ತು. ಓದಬಲ್ಲವರು ಆ ದೇಶದಲ್ಲಿ ಯಾರೂ ಇರಲಿಲ್ಲವಾದ್ದರಿಂದ ಜೋರು ಚಪ್ಪಾಳೆ ಬಿತ್ತು.

ನನ್ನ ನಂತರ ತೋಮೊ. ಗೋಡೆಗುಂಟ ಕೂತಿದ್ದ ತಾಯಂದಿರು ತಮ್ಮ ತಮ್ಮಲ್ಲಿ ಮಾತಿಗೆ ತೊಡಗಿದರು, ಅವಳು ಬರೆಯುವುದು ತಮಗೆ ಕಾಣಿಸುತ್ತಿಲ್ಲ ಎಂಬಂತೆ. ಹುಡುಗಿ ಕುಂಚವನ್ನು ಮಸಿಯಲ್ಲಿ ಅದ್ದಿದಳು. ಬೆನ್ನು ಬಾಗಿತು. ಮೂಗು ಕಾಗದಕ್ಕೆ ತಾಗುವಷ್ಟು ಬಾಗಿತು. ಕುಂಚದಿಂದ ಮಸಿ ತೊಟ್ಟಿಕ್ಕಿತು.

ಕೋಣೆಯ ಆ ತುದಿಯಲ್ಲಿದ್ದ ಫುಮಿ ಅಜ್ಜಿ ಎದ್ದಳು. ಚಾಪೆಯ ಮೇಲೆ ನಡೆದು ಬಂದು ಚಾಪೆ ಮುಗಿಯುವಲ್ಲಿ ಒಂದು ಕ್ಷಣ ನಿಂತಳು. ಆಮೇಲೆ ಹಲಗೆಯ ಮೇಲೆ ಮಂಡಿಯೂರಿದಳು. ತೋಮೊಳ ಸೊಂಟಕ್ಕೆ ಒಂದು ಅಂಗೈ ಇಟ್ಟಳು, ಹಣೆಗೆ ಇನ್ನೊಂದು.

"ಹೊಯ್!"

ಅದೇ ಕೋಳಿಯ ಕೂಗು. ತಾಯಂದಿರು ಇತ್ತ ತಿರುಗಿದರು. ತೋಮೊ ಮುಟ್ಟಿಸಿಕೊಂಡ ಬೆರಗಿಗೆ ಬೆನ್ನು ಎಷ್ಟು ಸೆಟೆಸಿದಳೆಂದರೆ ಹಿಂದಕ್ಕೆ ಬೀಳಲಿದ್ದಳು. ಅಜ್ಜಿ ಕೈ ತೆಗೆಯಲಿಲ್ಲ. ಅವಳು ಬರೆದು ಮುಗಿಸುವವರೆಗೂ ತೆಗೆಯಲಿಲ್ಲ. ಗೋಡೆಗುಂಟ ಕೂತಿದ್ದವರಲ್ಲಿ ಮೂರ್ನಾಲ್ಕು ತಾಯಂದಿರು ಎದ್ದು, ಮಕ್ಕಳ ಕೈ ಹಿಡಿದು, ಸೊಂಟದಿಂದ ಚೆಂದವಾಗಿ ಬಾಗಿ ನಮಸ್ಕರಿಸಿ ಹೊರಟುಹೋದರು. ಆ ದೇಶದಲ್ಲಿ ಸಿಟ್ಟನ್ನೂ ಬಾಗಿಯೇ ತೋರಿಸುತ್ತಾರೆ. ಉಳಿದವರು ಕೂತೇ ಇದ್ದರು. ಧೈರ್ಯದಿಂದಲೋ ಕಾಲು ಜೋಮು ಹಿಡಿದೋ ನಾನು ಕೇಳಲಿಲ್ಲ.

ಹೊರಡುವ ದಿನ ಅಜ್ಜಿ ಬಂದರಿನ ತನಕ ಬಂದಳು.

"ಅಜ್ಜಿ ಏನಂತಾಳಂದ್ರ, ಶನಿವಾರದ ಸಾಲಿಗಿ ಮಕ್ಕಳು ಕಡಿಮಿ ಆದ್ರಂತ. ಈಗ ಎಲ್ಲಾರೂ ಚಾಪಿ ಮ್ಯಾಲ ಕುಂತ್ರೂ ಜಾಗಾ ಉಳಿತೈತಂತ" ಎಂದ ನಾಕಾನೊ. ಅಜ್ಜಿ ನನ್ನ ಬೆನ್ನಿಗೆ ಕೊನೆಯ ಸಲ ಬಡಿದಳು. ಅದು ಬೀಳ್ಕೊಡುಗೆಯಂತಿರಲಿಲ್ಲ, ಬಲವಾಗಿಯೇ ಇತ್ತು.

ಟಿಕೋಟಾ, ತಿರುಗಿ

ಸಾಲಿಗೆ ಮರಳಿದ ಮೇಲೆ ಛಡಿಯನ್ನು ಮನೆಯಲ್ಲೇ ಬಿಟ್ಟು ಹೋದೆ. ನಮ್ಮಲ್ಲಿ ಅಂಥ ಕುಂಚ ಎಲ್ಲಿಂದ ಬರಬೇಕು? ಈಚಲ ಗರಿಯ ದೇಟಿನ ತುದಿ ಜಜ್ಜಿ ಕುಂಚ ಮಾಡಿದೆವು. ದೀಪದ ಕಾಡಿಗೆಯನ್ನು ಗೋಂದಿನ ನೀರಿನಲ್ಲಿ ಕಲಸಿದೆವು. ಗೋಣಿತಟ್ಟಿನ ಮೇಲೆ ಚಕ್ಕಂಬಕ್ಕಲ ಹಾಕಿಸಿ ಕೂರಿಸಿದೆ. ಮಂಡಿ ಮಡಿಸುವ ಶಿಕ್ಷೆ ನಮ್ಮ ಮಕ್ಕಳಿಗೆ ಬೇಡವೆನಿಸಿತು. ಗೌಡರ ಮೊಮ್ಮಗ ಶಿವಪುತ್ರ ಮೊದಲ ಸಾಲಿನಲ್ಲಿ ಕಾಗದದ ಮೇಲೆ ಮಲಗಿಯೇಬಿಟ್ಟಂತೆ ಬಾಗಿ 'ಅ' ಬರೆಯುತ್ತಿದ್ದ. ಅವನ ಹಿಂದೆ ಹೋಗಿ ನಿಂತೆ. ಸೊಂಟಕ್ಕೊಂದು ಅಂಗೈ, ಹಣೆಗೊಂದು ಅಂಗೈ ಇಟ್ಟು ಒತ್ತಿದೆ. ಕೋಳಿಯ ಹಾಗೆ ಕೂಗಲು ಮಾತ್ರ ಧ್ವನಿ ಹೊರಡಲಿಲ್ಲ.

ಮರುದಿನ ಗೌಡರು ಬಂದರು. ಹೆಡ್‌ಮಾಸ್ತರರು ಆಗಲೇ ಬೆವೆತಿದ್ದರು.

"ಮಾಸ್ತರ, ನೀವು ಹುಡುಗುರನ್ನ ಮುಟ್ಟಿ ಕಲಸ್ತೀರಂತ?"

"ಹೌದ್ರಿ ಗೌಡ್ರ. ಬೆನ್ನು ನೆಟ್ಟಗಾದ್ರ ಅಕ್ಷರ ನೆಟ್ಟಗಾಗ್ತಾವ. ಪರದೇಶದಾಗ ಹಂಗ ಕಲಸ್ತಾರ್ರಿ."

ಪರದೇಶ ಎಂದೊಡನೆ ಗೌಡರು ಸ್ವಲ್ಪ ತಡೆದರು. ಬೇಡವೆಂದರೆ ತಾವು ಹಿಂದುಳಿದವರಾಗುತ್ತಾರೆ, ಹೂಂ ಎಂದರೆ ಊರಲ್ಲಿ ಮಾನ ಹೋಗುತ್ತದೆ. ಮೀಸೆ ತಿರುವಿ ದಾರಿ ಕಂಡುಕೊಂಡರು.

"ಕಲಸ್ರಿ. ಆದ್ರ ಮನಿಗಿ ಬಂದ ಕೂಡಲೇ ನಾವು ಹುಡುಗಗ ಜಳಕಾ ಮಾಡಸ್ತೀವಿ. ಅದಕ್ಕ ನೀವು ಬ್ಯಾಸರಾ ಮಾಡ್ಕೋಬಾರ್ದು."

"ಮಾಡಸ್ರಿ ಗೌಡ್ರ. ಮೈತುಂಬ ಮಸಿ ಆಗಿರ್ತೈತಿ."

ಎರಡು ಮನೆಯವರು ಮಕ್ಕಳನ್ನು ಸಾಲಿ ಬಿಡಿಸಿದರು. ಉಳಿದವರು ಗೌಡರ ಪದ್ಧತಿ ಹಿಡಿದರು. ಸಾಲಿ ಬಿಟ್ಟೊಡನೆ ಟಿಕೋಟಾದ ಅರ್ಧ ಮನೆಗಳ ಹಿತ್ತಲಲ್ಲಿ ಮಕ್ಕಳ ತಲೆಯ ಮೇಲೆ ನೀರು ಬೀಳುತ್ತಿತ್ತು. ಆ ಸದ್ದು ಕೇಳುತ್ತ ನಾನು ಮನೆಗೆ ನಡೆಯುತ್ತಿದ್ದೆ. ಅವಮಾನವಾಗುತ್ತಿತ್ತು. ಆದರೂ ಮರುದಿನ ಮತ್ತೆ ಮುಟ್ಟುತ್ತಿದ್ದೆ.

ಚಳಿ ಹೋಗಿ ಬಿಸಿಲು ಬಂತು. ನಮ್ಮ ಕಡೆಯ ಬಿಸಿಲು. ಬಾವಿಯ ತಳದಲ್ಲಿ ಕೆಸರು ಕಾಣಿಸಿತು. ಊರಿನ ಹೆಂಗಸರು ಹರದಾರಿ ದೂರದಿಂದ ಕೊಡ ಹೊತ್ತು ತರುವಂತಾಯಿತು. ಒಂದು ಮಧ್ಯಾಹ್ನ ಶಿವಪುತ್ರನ ಅಜ್ಜಿ, ಗೌಡರ ಹೆಂಡತಿ, ಸಾಲಿಯ ಬಾಗಿಲಿಗೆ ಬಂದಳು. ಮನೆಯ ಆಳು ಕೂಡ ನೀರಿಗೆ ಅಲೆದು ಸೋತು ಕೆಲಸ ಬಿಟ್ಟಿದ್ದನಂತೆ. ಈಗ ಆಕೆಯೇ ಹೊರಬೇಕು.

"ಮಾಸ್ತರ, ಒಂದು ಮಾತು ನಡಿಸಿ ಕೊಡ್ರಿ. ಮುಟ್ಟೂದಾದ್ರ ಸೋಮವಾರಕ್ಕೊಮ್ಮೆ ಮುಟ್ರಿ. ಆವತ್ತು ಹೆಂಗೂ ಜಳಕಾ ಇರ್ತೈತಿ."

"ಬೆನ್ನು ವಾರಾ ನೋಡಿ ಬಗ್ಗೂದಿಲ್ಲವ್ವಾ. ದಿನಾ ಬಗ್ಗತೈತಿ."

ಆಕೆ ಒಳಗೆ ಇಣುಕಿದಳು. ಶಿವಪುತ್ರ ಬೆನ್ನು ನೆಟ್ಟಗೆ ಮಾಡಿ, ನಾಲಿಗೆ ಕಚ್ಚಿಕೊಂಡು, ದೊಡ್ಡದೊಂದು 'ಕ' ಬರೆಯುತ್ತಿದ್ದ. 'ಕ' ಚೆನ್ನಾಗಿಯೇ ಬಂದಿತ್ತು. ಅಜ್ಜಿ ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡು, ಬಾವಿಯ ದಿಕ್ಕಿಗೊಮ್ಮೆ, ನನ್ನ ಕೈಯ ಕಡೆಗೊಮ್ಮೆ ನೋಡಿದಳು.

"ಹಂಗಾರ ದಿನಾ ಮುಟ್ರಿ" ಎಂದಳು. "ಗೌಡರಿಗಿ ಜಳಕಾ ಬೇಕಾದ್ರ ತಾವ ಹೋಗಿ ನೀರು ತರ್ಲಿ."